ಒಂದೇ ಕೈಗೆ ಮೂರು ಬೆಲೆ

ಕೈ ಮಣಿಕಟ್ಟಿನಿಂದ ಹೋದರೆ ಶೇ 60. ಹೆಬ್ಬೆರಳೊಂದೇ ಹೋದರೆ 30. ಒಂದು ಕಣ್ಣು ಹೋಗಿ ಇನ್ನೊಂದು ಸರಿಯಿದ್ದರೆ 40. ಎರಡೂ ಕೈ ಹೋದರೆ ಪೂರ್ತಿ ನೂರು. 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಮನುಷ್ಯನ ಮೈಯನ್ನು ಹೀಗೆ ಸಾಲು ಸಾಲಾಗಿ ಬರೆದಿಟ್ಟಿದ್ದಾರೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಕೈ ಕಳೆದುಕೊಂಡವರ ಮನೆಯಲ್ಲಿ ಯಾರಾದರೊಬ್ಬರು ಇದನ್ನು ಓದಲೇಬೇಕು. ನಮ್ಮ ಮನೆಯಲ್ಲಿ ಅದು ನನ್ನ ಪಾಲಿಗೆ ಬಂತು.

ನಾನು ದಾಸರಹಳ್ಳಿಯ ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ತಮ್ಮ ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪಿನಲ್ಲಿ ಕಂಟ್ರಾಕ್ಟರ್ ಕಡೆಯಿಂದ ದುಡಿಯುತ್ತಿದ್ದ. ಅವನಿಗೆ ಮೂವತ್ತು ತುಂಬಿದ ವರ್ಷ ಪವರ್ ಪ್ರೆಸ್‌ಗೆ ಬಲಗೈ ಸಿಕ್ಕಿತು. ಎರಡು ಕೈಯಲ್ಲೂ ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಅದು ನಿಯಮ. ಒಂದು ಬಟನ್‌ಗೆ ವೈರ್ ಕಟ್ಟಿಟ್ಟರೆ ಗಂಟೆಗೆ ಹೆಚ್ಚು ಪೀಸ್ ಬೀಳುತ್ತದೆ, ಅದು ಶೆಡ್ಡಿನ ರೂಢಿ. ಆ ರಾತ್ರಿಯ ಬಗ್ಗೆ ಇಷ್ಟು ಸಾಕು. ಈ ಅಂಕಣ ದುಡ್ಡಿನದು, ಅದರ ಕಥೆ ಮಾರನೆಯ ಬೆಳಿಗ್ಗೆಯಿಂದ ಶುರುವಾಗುತ್ತದೆ.

ಅಡ್ಮಿಷನ್ ಕಾಗದದಲ್ಲಿ ಸೂಪರ್‌ವೈಸರ್ ಬರೆಸಿದ್ದು ‘ಮನೆಯಲ್ಲಿ ಗ್ರೈಂಡರ್‌ಗೆ ಸಿಕ್ಕಿ ಗಾಯ’ ಎಂದು. ಬಾಡಿಗೆ ಮನೆಯಲ್ಲಿ ಮಿಕ್ಸಿ ಬಿಟ್ಟರೆ ನಮಗೆ ಗ್ರೈಂಡರೇ ಇರಲಿಲ್ಲ. ಡ್ಯೂಟಿ ಡಾಕ್ಟರ ಮುಂದೆ ಕೂತು, ತಮ್ಮನ ಬಾಯಿಂದಲೇ ಹೇಳಿಸಿ, ‘ಕೆಲಸದ ವೇಳೆ ಕಾರ್ಖಾನೆಯಲ್ಲಿ ಪ್ರೆಸ್‌ಗೆ ಸಿಕ್ಕಿ’ ಎಂದು ತಿದ್ದಿಸಿ, ವೈದ್ಯಕೀಯ-ಕಾನೂನು ಪ್ರಕರಣ (ಎಂಎಲ್‌ಸಿ) ಎಂದು ದಾಖಲು ಮಾಡಿಸಿದೆ. ಮುಂದೆ ಬಂದ ಪ್ರತಿ ರೂಪಾಯಿಯೂ ಆ ಒಂದು ಸಾಲಿನ ಮೇಲೆ ನಿಂತಿತು.

ವಾರದೊಳಗೆ ಕಂಟ್ರಾಕ್ಟರ್ ಮನೆಗೆ ಬಂದ. ಜೊತೆಗೆ ಹಣ್ಣು, ಹಾರ್ಲಿಕ್ಸ್, ಒಂದು ಸ್ಟಾಂಪ್ ಪೇಪರ್. ‘ಮೇಡಂ, ಕೋರ್ಟು ಕಚೇರಿ ಅಂತ ಯಾಕೆ ಅಲೀತೀರ? ನಾಲ್ಕು ಲಕ್ಷ ಕೊಡ್ತೀವಿ. ಇಲ್ಲೊಂದು ಸೈನ್ ಹಾಕ್ಸಿ, ಮುಗೀತು.’ ಶಿರಾದಿಂದ ಬಂದಿದ್ದ ನಮ್ಮ ಸೋದರಮಾವನ ಕಣ್ಣಿಗೆ ನಾಲ್ಕು ಲಕ್ಷ ಆಗಲೇ ಬೋರ್‌ವೆಲ್ ಆಗಿ ಕಾಣುತ್ತಿತ್ತು. ‘ತಗೊಳ್ಳೇ ಅಮ್ಮಯ್ಯ, ಬಂದಷ್ಟು ಬರ್ಲಿ. ದೊಡ್ಡೋರ ಹತ್ರ ಹಟ ಮಾಡ್ಬಾರ್ದು’ ಎಂದ. ಅಮ್ಮನೂ ಸುಮ್ಮನಿದ್ದಳು. ಆಸ್ಪತ್ರೆಯ ಖರ್ಚಿಗೆ ಚೀಟಿ ಎತ್ತಿ, ಒಡವೆ ಅಡವಿಟ್ಟ ಮನೆಯಲ್ಲಿ ನಾಲ್ಕು ಲಕ್ಷ ಸಣ್ಣ ಮಾತಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಸಹಿ ಹಾಕಿಸಲಿಲ್ಲ. ಕಾಯ್ದೆಯ 17ನೇ ಕಲಮು ಏನು ಹೇಳುತ್ತದೆ ಎಂದು ನಮ್ಮ ಆಡಿಟರು ಮೊದಲೇ ತೋರಿಸಿದ್ದರು: ಕಾನೂನಿನಿಂದ ಬರಬೇಕಾದ ಪರಿಹಾರವನ್ನು ನೌಕರ ಯಾವುದೇ ಕರಾರಿನಲ್ಲಿ ಬಿಟ್ಟುಕೊಟ್ಟರೂ ಆ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಒಟ್ಟು ಮೊತ್ತಕ್ಕೆ ರಾಜಿಯಾದರೂ ಅದನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಹಾಗಿದ್ದ ಮೇಲೆ ಆ ಸ್ಟಾಂಪ್ ಪೇಪರ್ ಏತಕ್ಕೆ? ಹೆದರಿಸಿ ಮನೆಯಲ್ಲಿ ಕೂರಿಸಲಿಕ್ಕೆ. ಪೀಣ್ಯದಲ್ಲಿ ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ತಮ್ಮನ ಕೈಗೆ ಓವರ್‌ಟೈಮ್ (ಓಟಿ) ಸೇರಿ ತಿಂಗಳಿಗೆ ಬರುತ್ತಿದ್ದದ್ದು 18,000. ವಯಸ್ಸು 30. ಕಳೆದುಕೊಂಡದ್ದು ಶೇ 60.

ಮೊದಲ ಬೆಲೆ ನೌಕರರ ಪರಿಹಾರ ಕಾಯ್ದೆಯದು. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬಾರದ, ಹತ್ತಕ್ಕಿಂತ ಕಡಿಮೆ ಜನರಿರುವ ಚಿಕ್ಕ ಶೆಡ್ಡುಗಳವರಿಗೆ ಇದೇ ದಾರಿ. ಸೂತ್ರ ಸರಳ: ತಿಂಗಳ ಸಂಬಳದ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು, ಬಂದದ್ದರಲ್ಲಿ ಅಂಗನಷ್ಟದ ಶೇಕಡಾವಾರು ತೆಗೆಯಬೇಕು. 30 ವರ್ಷಕ್ಕೆ ಗುಣಕ 207.98. ಆದರೆ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ಮಾತ್ರ. ಅದೂ 2020ರ ಜನವರಿಯಿಂದ. ಅದಕ್ಕೆ ಮುಂಚೆ 8,000 ಇತ್ತು. ಹೀಗೆ 9,000ವನ್ನು 207.98ರಿಂದ ಗುಣಿಸಿ ಶೇ 60 ತೆಗೆದರೆ 11,23,092 ರೂಪಾಯಿ. ನಾಲ್ಕು ಲಕ್ಷದ ಉದಾರತನ ಎಷ್ಟೆಂದು ಇಲ್ಲೇ ಗೊತ್ತಾಗುತ್ತದೆ. ಹಣ ಬಾಕಿಯಾದ ಒಂದು ತಿಂಗಳೊಳಗೆ ಮಾಲೀಕ ಕೊಡದಿದ್ದರೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಅರ್ಧದಷ್ಟರವರೆಗೆ ದಂಡ. ಅರ್ಜಿ ಹಾಕಲು ಎರಡು ವರ್ಷ ಅವಕಾಶ.

ಎರಡನೆಯದು ಇಎಸ್‌ಐ. ಇಲ್ಲಿ ಗಂಟು ಸಿಗುವುದಿಲ್ಲ, ತಿಂಗಳು ತಿಂಗಳು ಸಿಗುತ್ತದೆ, ಬದುಕಿರುವವರೆಗೆ. ಸರಾಸರಿ ಸಂಬಳದ ಶೇ 90, ಅದರಲ್ಲಿ ವೈದ್ಯಕೀಯ ಮಂಡಳಿ ನಿಗದಿ ಮಾಡಿದ ಗಳಿಕೆ ಸಾಮರ್ಥ್ಯ ನಷ್ಟದ ಪಾಲು. 18,000ಕ್ಕೆ ಶೇ 60ರಂತೆ ಹತ್ತಿರ ಹತ್ತಿರ 9,720 ರೂಪಾಯಿ. ಮೇಲಿನ 11 ಲಕ್ಷ ಚಿಲ್ಲರೆಯನ್ನು ಶೇ 7ರ ಎಫ್‌ಡಿಯಲ್ಲಿಟ್ಟರೂ ತಿಂಗಳಿಗೆ ಬರುವುದು ಸುಮಾರು 6,550. ಕಂಟ್ರಾಕ್ಟರ್ ತಂದ ನಾಲ್ಕು ಲಕ್ಷವೋ, ಇಎಸ್‌ಐ ಲೆಕ್ಕದಲ್ಲಿ ಮೂರೂವರೆ ವರ್ಷದ ಪಿಂಚಣಿ. ಮೂವತ್ತರ ಹುಡುಗನಿಗೆ ಮೂರೂವರೆ ವರ್ಷ!

ಮಾವನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ‘ಸರ್ಕಾರದೋರು ಕೊಡೋದು ನಿಲ್ಸಿದ್ರೆ?’ ಎಂದ. ‘ಬೋರ್‌ವೆಲ್‌ನಲ್ಲಿ ನೀರು ಬರ್ದಿದ್ರೆ?’ ಎಂದೆ. ಶಿರಾದವನಿಗೆ ಆ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಇಎಸ್‌ಐ ಬಾಗಿಲು ತೆರೆದಿದ್ದರೆ ಪರಿಹಾರ ಕಾಯ್ದೆಯ ಬಾಗಿಲು ಮುಚ್ಚುತ್ತದೆ; ಎರಡೂ ಕಡೆ ತೆಗೆದುಕೊಳ್ಳುವಂತಿಲ್ಲ. ಇದರಿಂದ ನಷ್ಟವಾಯಿತೆಂದು ಕೊರಗುವವರನ್ನು ಬಹಳ ನೋಡಿದ್ದೇನೆ. ನನ್ನ ಅಭಿಪ್ರಾಯ ಬೇರೆ. ಕೈ ಹೋದವನು ಕಳೆದುಕೊಳ್ಳುವುದು ತಿಂಗಳ ಸಂಬಳವನ್ನು, ಹಾಗಾಗಿ ವಾಪಸು ಬರುವುದೂ ತಿಂಗಳ ಲೆಕ್ಕದಲ್ಲೇ ಬಂದರೆ ಒಳ್ಳೆಯದು. ಗಂಟು ಬಂದ ಮನೆಗೆ ಅಳಿಯಂದಿರೂ ಬರುತ್ತಾರೆ, ಸೈಟ್ ಬ್ರೋಕರೂ ಬರುತ್ತಾನೆ. ಇಎಸ್‌ಐ ಪಿಂಚಣಿಯನ್ನು ಸಾಲಗಾರ ಜಪ್ತಿ ಮಾಡಿಸುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತೆಯೂ ಇಲ್ಲ. ಮುಂದೆ ಬೇರೆ ಕೆಲಸ ಸಿಕ್ಕಿದರೂ ಅದು ನಿಲ್ಲುವುದಿಲ್ಲ. ತಮ್ಮ ಈಗ ಒಂದು ಗೋಡೌನಿನಲ್ಲಿ ಸ್ಟೋರ್ಸ್ ನೋಡುತ್ತಾನೆ, ಎಡಗೈಯಲ್ಲಿ ಬರೆಯುತ್ತಾನೆ. ಸಂಬಳವೂ ಬರುತ್ತದೆ, ಪಿಂಚಣಿಯೂ ಬರುತ್ತದೆ.

ಆದರೆ ಆ ಬಾಗಿಲು ತೆರೆಸುವುದೇ ದೊಡ್ಡ ಕೆಲಸವಾಗಿತ್ತು. ಅಪಘಾತದ ದಿನ ಅವನ ಹೆಸರು ಇಎಸ್‌ಐನಲ್ಲಿ ಇರಲೇ ಇಲ್ಲ. ಆಮೇಲೆ ಅವಸರದಲ್ಲಿ ಸೇರಿಸಿದರು. ‘ನೋಂದಣಿಗೆ ಮುಂಚೆ ಆದ ಗಾಯ, ಸಿಗಲ್ಲ ಬಿಡಿ’ ಎಂದು ಪರಿಚಯದವರೆಲ್ಲ ಹೇಳಿದರು. ಸುಪ್ರೀಂ ಕೋರ್ಟ್ 2002ರ ಭರಗತ್ ಎಂಜಿನಿಯರಿಂಗ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ: ಕಾಯ್ದೆ ಅನ್ವಯಿಸುವ ಕಡೆ ಕೆಲಸಕ್ಕೆ ಸೇರಿದ ಕ್ಷಣದಿಂದಲೇ ನೌಕರ ವಿಮೆಗೆ ಒಳಪಟ್ಟವನು, ಮಾಲೀಕ ಹೆಸರು ಬರೆಸಿದನೋ ಇಲ್ಲವೋ ಎಂಬುದು ನೌಕರನ ಹಕ್ಕನ್ನು ಕಸಿಯುವುದಿಲ್ಲ. ಕಂಟ್ರಾಕ್ಟರ್ ಕಡೆಯವನಾದರೂ ಜವಾಬ್ದಾರಿ ಮೂಲ ಮಾಲೀಕನದೇ. ‘ಬಟನ್‌ಗೆ ವೈರ್ ಕಟ್ಟಿದ್ದು ಅವನೇ, ತಪ್ಪು ಅವನದೇ’ ಎಂಬ ವಾದವೂ ಬಂತು. ನಿಯಮ ಮೀರಿ ಮಾಡಿದ ಕೆಲಸವಾದರೂ ಅದು ಮಾಲೀಕನ ಉದ್ಯಮದ ಸಲುವಾಗಿ ಮಾಡಿದ್ದಾದರೆ ಉದ್ಯೋಗದ ಗಾಯವೇ ಎಂದು ಇಎಸ್‌ಐ ಕಾಯ್ದೆಯಲ್ಲೇ ಬರೆದಿದೆ. ಹೆಚ್ಚು ಪೀಸ್ ಯಾರಿಗೆ ಬೇಕಿತ್ತು ಎಂದು ಕೇಳಿದರೆ ಸಾಕು.

ನಿಜವಾದ ಜಗಳ ಸಂಬಳದ ಅಂಕಿಯ ಮೇಲೆ ನಡೆಯಿತು. ಸ್ಲಿಪ್‌ನಲ್ಲಿದ್ದದ್ದು 13,000. ಉಳಿದ 5,000 ಓಟಿ ಹಣ, ಕಂಟ್ರಾಕ್ಟರ್ ತನ್ನ ಮೊಬೈಲಿನಿಂದ ಫೋನ್‌ಪೇ ಮಾಡುತ್ತಿದ್ದ. 13,000ಕ್ಕೆ ಪಿಂಚಣಿ 7,020, 18,000ಕ್ಕೆ 9,720. ಸ್ಲಿಪ್‌ನಲ್ಲಿ ಮುಚ್ಚಿಟ್ಟ ಒಂದೊಂದು ಸಾವಿರಕ್ಕೆ ಜೀವನಪೂರ್ತಿ ತಿಂಗಳಿಗೆ 540 ರೂಪಾಯಿ ಹೋಗುತ್ತದೆ. ಆಗಿನ ಇಎಸ್‌ಐ ಕಾಯ್ದೆಯಲ್ಲಿ 21,000ದ ಸಂಬಳ ಮಿತಿ ನೋಡುವಾಗ ಓಟಿ ಲೆಕ್ಕಕ್ಕಿರಲಿಲ್ಲ, ಆದರೆ ವಂತಿಗೆ ಕಟ್ಟುವಾಗ ಓಟಿಯೂ ಸಂಬಳವೇ ಆಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್, ಷಿಫ್ಟ್ ಹಾಕಿದ ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳು, ಹಾಜರಿ ಪುಸ್ತಕದ ಫೋಟೊ, ಎಲ್ಲವನ್ನೂ ಜೋಡಿಸಿ ಶಾಖಾ ಕಚೇರಿಗೆ ಅರ್ಜಿ ಕೊಟ್ಟೆವು. ಪರಿಶೀಲನೆಯಾಯಿತು, ವಂತಿಗೆಯ ಬಾಕಿ ಕಟ್ಟಿಸಿಕೊಂಡರು, ಅಂಕಿ ತಿದ್ದುಪಡಿಯಾಯಿತು. ಬೇಗ ಆಗಲಿಲ್ಲ. ಅಷ್ಟು ದಿನ ಮನೆ ನಡೆದದ್ದು ಗಾಯ ಮಾಯುವವರೆಗೆ ಕೊಡುವ ತಾತ್ಕಾಲಿಕ ಭತ್ಯೆಯಿಂದ ಮತ್ತು ನನ್ನ ಸಂಬಳದಿಂದ.

ಮೂರನೆಯ ಬೆಲೆ ರಸ್ತೆಯದು. ಅದೇ ಕೈ ಶೆಡ್ಡಿನೊಳಗೆ ಹೋಗದೆ ಹೊರಗೆ ತುಮಕೂರು ರಸ್ತೆಯಲ್ಲಿ ಯಾರದೋ ಲಾರಿಯ ತಪ್ಪಿನಿಂದ ಹೋಗಿದ್ದರೆ? ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ 15,000ದ ಮಿತಿಯಿಲ್ಲ. 2009ರ ಸರಳಾ ವರ್ಮ ತೀರ್ಪಿನ ಪ್ರಕಾರ 26ರಿಂದ 30 ವಯಸ್ಸಿಗೆ ಗುಣಕ 17. 2017ರ ಪ್ರಣಯ್ ಸೇಠಿ ತೀರ್ಪಿನಂತೆ ನಲವತ್ತರೊಳಗಿನ ಇಂಥ ದುಡಿಮೆಗಾರನಿಗೆ ಮುಂದಿನ ಸಂಬಳ ಏರಿಕೆಯೆಂದು ಶೇ 40 ಸೇರುತ್ತದೆ. 25,200ನ್ನು 12 ತಿಂಗಳಿಂದ, 17ರಿಂದ ಗುಣಿಸಿ ಶೇ 60 ತೆಗೆದರೆ 30,84,480. ನೋವು, ಚಿಕಿತ್ಸೆ, ಕೃತಕ ಕೈ, ಬಡ್ಡಿ ಎಲ್ಲ ಬೇರೆ. ಗೇಟಿನ ಒಳಗೆ 11 ಲಕ್ಷ, ಗೇಟಿನ ಹೊರಗೆ 30 ಲಕ್ಷ! ರಸ್ತೆಯಲ್ಲಿ ಎದುರಿನವನ ತಪ್ಪು ಸಾಬೀತು ಮಾಡಬೇಕು, ಕಾರ್ಖಾನೆಯಲ್ಲಿ ಬೇಕಿಲ್ಲ, ಅದಕ್ಕೇ ಈ ವ್ಯತ್ಯಾಸ ಎಂದು ವಕೀಲರು ವಿವರಿಸುತ್ತಾರೆ. ವಿವರಣೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. 15,000ದ ಮಿತಿಗೆ ತಪ್ಪು-ಒಪ್ಪಿನ ಜೊತೆ ಯಾವ ಸಂಬಂಧವೂ ಇಲ್ಲ.

ಶೇಕಡಾವಾರಿನಲ್ಲೂ ಒಂದು ಸೂಕ್ಷ್ಮವಿದೆ. ಕೈಗೆ ಇಷ್ಟು ಎಂದು ಡಾಕ್ಟರು ಬರೆದದ್ದನ್ನು ಇಡೀ ದೇಹಕ್ಕೆ ಹೊಂದಿಸುವಾಗ ಮೂರನೇ ಒಂದು ಭಾಗಕ್ಕೆ ಇಳಿಸುವುದು ನಮ್ಮ ಕಡೆಯ ನ್ಯಾಯಮಂಡಳಿಗಳಲ್ಲಿ ಸಾಮಾನ್ಯ. ಮುಖ್ಯವಾದದ್ದು ದೇಹದ ನಷ್ಟವಲ್ಲ, ಆ ಮನುಷ್ಯ ಮಾಡುತ್ತಿದ್ದ ಕೆಲಸದ ನಷ್ಟ ಎಂದು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. 1975ರಲ್ಲೇ, ಎಡಗೈ ಕಳೆದುಕೊಂಡ ಬಡಗಿಯೊಬ್ಬನಿಗೆ ಅನುಸೂಚಿ ಏನೇ ಹೇಳಲಿ ಒಂದು ಕೈಯಲ್ಲಿ ಬಡಗಿ ಕೆಲಸ ಆಗದು, ಅದು ನೂರಕ್ಕೆ ನೂರು ನಷ್ಟ ಎಂದು ಅದೇ ಕೋರ್ಟ್ ಒಪ್ಪಿತ್ತು. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಕಾಲು ಕತ್ತರಿಸಿದ ಪ್ರಕರಣ 2014ರಲ್ಲಿ ಅಲ್ಲಿಗೆ ಹೋದಾಗ ಶೇ 85 ಎಂದು ತೀರ್ಮಾನವಾಯಿತು. ತಳ್ಳುಗಾಡಿ ತಳ್ಳಲು ಕಾಲು ಬೇಕೆಂದು ತಿಳಿಯಲು ದೆಹಲಿಯವರೆಗೆ ಹೋಗಬೇಕಾಯಿತೇ ಎನಿಸಿದರೂ, ತೀರ್ಪು ಈಗ ಎಲ್ಲರ ಉಪಯೋಗಕ್ಕಿದೆ. ಆದ್ದರಿಂದ ಸಾಕ್ಷಿಯಲ್ಲಿ ಗಾಯಕ್ಕಿಂತ ಹೆಚ್ಚಾಗಿ ಕೆಲಸವನ್ನು ವಿವರಿಸಬೇಕು. ಯಾವ ಮಷಿನ್, ಎಷ್ಟು ಭಾರ, ಯಾವ ಕೈ. ಇಎಸ್‌ಐ ಮಂಡಳಿಯ ಅಂಕಿ ಕಡಿಮೆಯೆನಿಸಿದರೂ ಮೇಲ್ಮನವಿ ಇದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಓದುಗರಿಗೆ ಎರಡು ಮಾತು. ಸಂಬಳ 21,000 ದಾಟಿದ್ದರೆ ನಿಮಗೆ ಇಎಸ್‌ಐ ಇಲ್ಲ. ಕಂಪನಿಯ ಗುಂಪು ಅಪಘಾತ ವಿಮೆ ಇದ್ದರೆ ಅದರಲ್ಲಿ ಶಾಶ್ವತ ಅಂಗವೈಕಲ್ಯದ ಕೋಷ್ಟಕ ತೆಗೆದು ಓದಿ. ಸಾವಿಗೆ ಮಾತ್ರ ಹಣ ಕೊಡುವ ಪಾಲಿಸಿಗಳೂ ಇರುತ್ತವೆ. ರಸ್ತೆ ಅಪಘಾತವಾದರೆ ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ.

ವಕೀಲರ ಫೀಸಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಮಾತಾಡುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಆಸ್ಪತ್ರೆಯ ಗೇಟಿನಲ್ಲಿ ಕಾರ್ಡ್ ಹಂಚುವವರಿಗೆ ಅದು ಗೊತ್ತಿಲ್ಲವೆಂದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ನಮಗೆ ಸಿಕ್ಕವರು ಸಣ್ಣ ವಯಸ್ಸಿನವರು. ಫೈಲನ್ನು ನಮಗಿಂತ ಚೆನ್ನಾಗಿ ಓದಿಕೊಂಡು ಬರುತ್ತಿದ್ದರು.

2025ರ ನವೆಂಬರ್ 21ರಿಂದ ನೌಕರರ ಪರಿಹಾರ, ಇಎಸ್‌ಐ ಎರಡೂ ಹಳೆಯ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪರಿಹಾರದ ಸೂತ್ರ ಅದೇ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತ ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿಸಿದರೆ ಅದೂ ಸೇರುತ್ತದೆ, ಅದು ಲಾಭ. ನಮ್ಮ ಬೀದಿಯಲ್ಲಿ ಈಗ ಯಾರಿಗಾದರೂ ಹೊಸ ಕೆಲಸ ಸಿಕ್ಕರೆ ಮೊದಲ ಸಂಬಳದ ಸ್ಲಿಪ್ ನನ್ನ ಹತ್ತಿರ ತರುತ್ತಾರೆ. ನಾನು ಮೊದಲು ನೋಡುವುದು ಇಎಸ್‌ಐ ನಂಬರ್, ಆಮೇಲೆ ಓಟಿ ಸಾಲು. ಅದು ಖಾಲಿಯಿದ್ದು ಹುಡುಗ ರಾತ್ರಿ ಪಾಳಿ ಮಾಡುತ್ತಿದ್ದರೆ, ದುಡ್ಡು ಯಾರ ಮೊಬೈಲಿನಿಂದ ಬರುತ್ತದೆ ಎಂದು ಕೇಳಿ, ಆ ಮೆಸೇಜ್ ಡಿಲೀಟ್ ಮಾಡಬೇಡ ಎನ್ನುತ್ತೇನೆ.