ಪರ್ಶಿಯನ್ ಬೆಕ್ಕು: ಹೆಸರು ಇರಾನಿನದು, ರೂಪ ಇಂಗ್ಲೆಂಡಿನದು

ಪರ್ಶಿಯನ್ ಬೆಕ್ಕಿನ ಪರಿಚಯವನ್ನು ಅದರ ಕೂದಲಿನಿಂದಲೇ ಆರಂಭಿಸೋಣ. ತಂದೆತಾಯಿಯಿಂದ ಮರಿಗೆ ಬಂದು ದೇಹದ ಗುಣಗಳನ್ನು ನಿರ್ಧರಿಸುವ ಅಂಶಕ್ಕೆ ಜೀನ್ ಎನ್ನುತ್ತೇವೆ. ಬೆಕ್ಕಿನ ಕೂದಲು ಇಷ್ಟು ಬೆಳೆದದ್ದು ಸಾಕು ಎಂದು ತಡೆಯುವುದು ಎಫ್‌ಜಿಎಫ್-5 ಎಂಬ ಜೀನ್. ಅದು ಕೆಲಸ ಮಾಡದಿದ್ದರೆ ಕೂದಲು ಉದ್ದವಾಗುತ್ತದೆ. ಆದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬರಬೇಕು. ಒಂದು ಸರಿಯಿದ್ದರೂ ಕೂದಲು ಗಿಡ್ಡವೇ. ಗಿಡ್ಡ ಕೂದಲಿನ ಜೋಡಿಗೂ ಒಮ್ಮೊಮ್ಮೆ ಉದ್ದ ಕೂದಲಿನ ಮರಿ ಹುಟ್ಟುವುದು ಹೀಗೆ.

ಇಂಥ ಬೆಕ್ಕುಗಳನ್ನು ಕಂಡು ಬೆರಗಾದವರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಒಬ್ಬ. ಖೊರಾಸಾನ್ ಪ್ರಾಂತ್ಯದ ಬೂದುಬಣ್ಣದ, ರೇಷ್ಮೆಯಂತಹ ಕೂದಲಿನ ಬೆಕ್ಕುಗಳ ಬಗ್ಗೆ ಅವನು 1620ರಲ್ಲಿ ಪರ್ಶಿಯಾದಿಂದ, ಅಂದರೆ ಇಂದಿನ ಇರಾನಿನಿಂದ, ಪತ್ರ ಬರೆದ. ಅವುಗಳನ್ನು ರೋಮಿಗೆ ಒಯ್ಯಲು ಬಯಸಿದ. 

ಕೂದಲು ಉದ್ದವಿದ್ದ ಮಾತ್ರಕ್ಕೆ ಅದು ತಳಿಯಾಗುವುದಿಲ್ಲ. ಬೇಕಾದ ಗುಣವಿರುವ ಜೋಡಿಗಳನ್ನೇ ಆರಿಸಿ, ತಲೆಮಾರುಗಳ ಕಾಲ ಮರಿ ಮಾಡಿಸಿದಾಗ ತಳಿ ಮೂಡುತ್ತದೆ. ಪರ್ಶಿಯನ್ ಬೆಕ್ಕಿಗೆ ಆ ಕೆಲಸ ನಡೆದದ್ದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ. 1871ರಲ್ಲಿ ಹ್ಯಾರಿಸನ್ ವಿಯರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಪರ್ಶಿಯನ್ ಬೆಕ್ಕುಗಳೂ ಇದ್ದವು. ಟರ್ಕಿಯ ಅಂಗೋರಾ ಬೆಕ್ಕುಗಳೊಂದಿಗೂ ಅವು ಬೆರೆತವು. 2008ರಲ್ಲಿ ಪ್ರಕಟವಾದ ಒಂದು ಜೀನ್ ಅಧ್ಯಯನದಲ್ಲಿ ಇಂದಿನ ಪರ್ಶಿಯನ್ ಬೆಕ್ಕು ಪಶ್ಚಿಮ ಏಷ್ಯಾದ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರವೆಂದು ಕಂಡುಬಂತು.

ಹಳೆಯ ಚಿತ್ರಗಳನ್ನು ನೋಡಿ. ಆ ಬೆಕ್ಕುಗಳಿಗೆ ಸ್ಪಷ್ಟವಾದ ಮೂಗಿದೆ. ಮುಖ ತೀರಾ ಚಪ್ಪಟೆಯಾದದ್ದು 20ನೆಯ ಶತಮಾನದ ಆಯ್ಕೆಯ ಫಲ. ಇಂಥ ಆಯ್ಕೆಯನ್ನು ನಾನು ಒಪ್ಪಲಾರೆ. ಮೂಗು ಒಳಸೇರಿದಂತೆಲ್ಲ ಉಸಿರಾಟ ಕಷ್ಟವಾಗುತ್ತದೆ, ಕಣ್ಣೀರು ಸರಾಗವಾಗಿ ಇಳಿಯದೆ ಮುಖದ ಮೇಲೆ ಸುರಿಯುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಆನುವಂಶಿಕ ಕಾಯಿಲೆಯೂ ಈ ತಳಿಯಲ್ಲಿ ಹೆಚ್ಚು. ಅದಕ್ಕೆ ಡಿಎನ್ಎ ಪರೀಕ್ಷೆ ಇದೆ.

ನೀವು ಮರಿಯನ್ನು ತರುವುದಾದರೆ ಅದರ ತಂದೆತಾಯಿಗೆ ಈ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿ, ಮೂಗು ಎದ್ದು ಕಾಣುವ ಮರಿಯನ್ನೇ ಆರಿಸಿ. ಮನೆಗೆ ತಂದ ಮೇಲೆ ದಿನವೂ ಕೂದಲು ಬಾಚಿ. ಬಿಟ್ಟರೆ ಅದು ಗಂಟುಕಟ್ಟಿ ಚರ್ಮವನ್ನು ಎಳೆಯುತ್ತದೆ.