ಮನೆ ಒಕ್ಕಲಾಯ್ತು, ಮುಯ್ಯಿ ಬಾಕಿ ಇದೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಒಬ್ಬರೇ ನಿಂತು ಮನೆ ಕಟ್ಟಿ ಒಕ್ಕಲಾದದ್ದನ್ನು ನಾನು ಕಂಡಿಲ್ಲ. ದುಡ್ಡು ಒಬ್ಬರದೇ ಇರಬಹುದು. ಆದರೆ ಪಾಯ ತೆಗೆದ ದಿನದಿಂದ ಹಾಲುಕ್ಕಿಸುವ ದಿನದ ತನಕ ಅಣ್ಣತಮ್ಮಂದಿರು, ಭಾವಮೈದುನರು, ಅತ್ತಿಗೆ ನಾದಿನಿಯರು, ಸೋದರಮಾವಂದಿರು ಒಂದಲ್ಲ ಒಂದು ಕೆಲಸಕ್ಕೆ ಹೆಗಲು ಕೊಟ್ಟೇ ಇರುತ್ತಾರೆ. ಹಿಂದೆ ನಾವು ಹೊಲಕ್ಕೆ ಮುಯ್ಯಾಳು ಹೋಗುತ್ತಿದ್ದೆವು. ಇವತ್ತು ನಿಮ್ಮ ರಾಗಿ ಕುಯ್ಲಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಈಗ ರಾಗಿ ಹೊಲಗಳು ಎಷ್ಟೋ ಕಡೆ ತೆಂಗಿನ ತೋಟ ಆಗಿವೆ, ತೋಟದ ಕೆಲಸಕ್ಕೆಲ್ಲ ಕೂಲಿ ಬಂದಿದೆ. ಮನೆ ಕಟ್ಟುವಾಗ, ಸಾಮಾನು ಸಾಗಿಸುವಾಗ, ಒಕ್ಕಲಾಗುವಾಗ ಮಾತ್ರ ಆ ಹಳೇ ಲೆಕ್ಕ ಇನ್ನೂ ನಡೆದಿದೆ. ಈ ವರ್ಷ ಹೊಸಮನೆ ಹೊಕ್ಕ ನಮ್ಮ ಮಕ್ಕಳು ಸೊಸೆಯಂದಿರಿಗೆ ನಾನು ಹೇಳಬೇಕಾದದ್ದು ಆ ಲೆಕ್ಕದ ವಿಚಾರವನ್ನೇ.

• ಗೃಹಪ್ರವೇಶದ ದಿನ ಬಾಗಿಲ ಹತ್ತಿರ ಒಬ್ಬರು ಕೂತು ಮುಯ್ಯಿ ಬರೆಯುತ್ತಾರಲ್ಲ, ಹೆಸರು, ಊರು, ಮೊತ್ತ ಅಂತ, ಆ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ದುಡ್ಡಲ್ಲದ ಮುಯ್ಯಿಯನ್ನೂ ಬರೆದಿಡಿ. ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆದವರು ಯಾರು? ಮರಳು ಬಿದ್ದ ರಾತ್ರಿ ಅಲ್ಲೇ ಚಾಪೆ ಹಾಸಿ ಮಲಗಿದವರು ಯಾರು? ಬೆಸ್ಕಾಂ ಕಚೇರಿಗೂ ಪಂಚಾಯ್ತಿಗೂ ಅಲೆದು ಮೀಟರು, ಖಾತೆ ಮಾಡಿಸಿಕೊಟ್ಟವರು ಯಾರು? ಪಾಯ ತೆಗೆಯುವ ಮೊದಲು ದಸರೀಘಟ್ಟದ ಚೌಡೇಶ್ವರಮ್ಮನ ಮುಂದೆ ನಿಮ್ಮ ಪರವಾಗಿ ಅಪ್ಪಣೆ ಕೇಳಲು ಸಾಲಿನಲ್ಲಿ ನಿಂತವರು ಯಾರು? ಒಕ್ಕಲಾದ ವಾರದೊಳಗೆ ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ತಡ ಮಾಡಿದರೆ ಐನೂರು ರೂಪಾಯಿ ಹಾಕಿದವರ ಹೆಸರು ಉಳಿದು, ಐವತ್ತು ಸಲ ನೀರು ಹೊತ್ತವರ ಹೆಸರು ಹೋಗಿಬಿಡುತ್ತದೆ.

• ಮುಯ್ಯಿ ಪುಸ್ತಕದಲ್ಲಿ ಬರುವುದು ಹೆಚ್ಚಾಗಿ ಗಂಡಸರ ಹೆಸರು. ನಿಮ್ಮ ಹಿಂಬದಿ ಹಾಳೆಯಲ್ಲಿ ಹೆಂಗಸರ ಹೆಸರನ್ನು ಅವರ ಹೆಸರಿನಿಂದಲೇ ಬರೆಯಿರಿ. ‘ಇಂಥವರ ಮನೆಯವರು’ ಅಂತ ಬರೆಯಬೇಡಿ.

• ಬಂದವರ ಹಿಂದೆ ಬರದೇ ಉಳಿದವರೊಬ್ಬರು ಇದ್ದೇ ಇರುತ್ತಾರೆ. ನಿಮ್ಮ ಅತ್ತಿಗೆ ಹುಳಿಯಾರು ಕಡೆಯಿಂದ ಬಂದು ನಾಲ್ಕು ದಿನ ನಿಮ್ಮ ಮನೆಯಲ್ಲಿ ನಿಂತಳು ಅಂದರೆ, ಆ ನಾಲ್ಕು ದಿನ ಅವಳ ಮನೆಯಲ್ಲಿ ಮುದ್ದೆ ತೊಳಸಿದವರು ಬೇರೆ ಯಾರೋ, ಹಸು ಹಾಲು ಕರೆದವರು ಯಾರೋ, ಮಕ್ಕಳನ್ನು ಸ್ಕೂಲಿಗೆ ಕಳಿಸಿದವರು ಯಾರೋ. ಬಹಳ ಸಲ ಅದು ಅವಳ ಅತ್ತೆ. ಮಂಡಿನೋವು ಇಟ್ಟುಕೊಂಡೇ ಕೊಟ್ಟಿಗೆ ಬಾಚಿರುತ್ತಾಳೆ. ಅವಳು ನಿಮ್ಮ ಮನೆಯ ಹೊಸಲನ್ನೂ ನೋಡಿರುವುದಿಲ್ಲ. ಅತ್ತಿಗೆಗೆ ಮಡಿಲಕ್ಕಿ ಕಟ್ಟಿ ಸೀರೆ ಕೊಟ್ಟು ಕಳಿಸುತ್ತೀರಿ, ಸರಿ. ಆ ಮುದುಕಿಯ ಹೆಸರು ಹೇಳಿ ಒಂದು ರವಿಕೆ ಕಣ, ಎರಡು ಕಾಯಿ, ಒಂದು ಡಬ್ಬಿ ಒಬ್ಬಟ್ಟು ಜೊತೆಗಿಡಿ. ಆಮೇಲೆ ಒಂದು ದಿನ ಅವಳನ್ನೇ ಕರೆಸಿ, ಒಳಗೆಲ್ಲ ತಿರುಗಾಡಿಸಿ, ಕೂರಿಸಿ ಊಟಕ್ಕಿಡಿ. ಅತ್ತಿಗೆ ಮುಂದೆ ತವರಿಗೆ ಬರುವ ದಾರಿ ಸಲೀಸಾಗುವುದು ಆ ಮನೆಯ ಹಿರಿಯರ ಮನಸ್ಸು ತುಂಬಿದಾಗ.

• ಕೊಬ್ಬರಿ ಮಾರಿ ಕೊಟ್ಟ ದುಡ್ಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಸೀಮೆಯಲ್ಲಿ ಮನಸ್ಸು ಮುರಿಯುವುದು ಇಲ್ಲೇ.

ಆರ್‌ಸಿಸಿ ಹಾಕುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿಯುವುದು ಮಾಮೂಲು. ಸಿಮೆಂಟು ಕಂಬಿ ಬಂದು ಬಿದ್ದಿರುತ್ತದೆ, ಸೆಂಟ್ರಿಂಗ್‌ನವರು ಕಾಯುತ್ತಿರುತ್ತಾರೆ. ಆಗ ದೊಡ್ಡಪ್ಪನೋ ಸೋದರಮಾವನೋ ತಮ್ಮ ಅಟ್ಟದ ಕೊಬ್ಬರಿಯನ್ನು ಇಳಿಸಿ, ಸುಲಿಸಿ, ತಿಪಟೂರು ಎಪಿಎಂಸಿಗೆ ಹಾಕಿ ದುಡ್ಡು ತಂದು ಕೊಡುತ್ತಾರೆ. ಅಟ್ಟದಲ್ಲಿ ಆ ಕಾಯಿ ಎಷ್ಟು ದಿನ ಇತ್ತು ಅಂತ ತಿಳಿದುಕೊಳ್ಳಿ. ಬಲಿತ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆ ಕೊಬ್ಬರಿ ಆಗಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಒಂದು ಕ್ವಿಂಟಲ್ ಆಗಬೇಕಾದರೆ ಹತ್ತಿರ ಹತ್ತಿರ ಆರೇಳು ನೂರು ಕಾಯಿ. ಮಗಳ ಮದುವೆಗೆ, ಕಾಯಿಲೆಗೆ, ಬೋರ್‌ವೆಲ್ಲಿಗೆ ಅಂತ ಇಟ್ಟುಕೊಂಡಿರುವ ಗಂಟು ಅದು. ಬೆಲೆ ಬರಲಿ ಅಂತ ಕಾಯುತ್ತಿದ್ದವರು ನಿಮಗಾಗಿ ಕಾಯುವುದನ್ನು ಬಿಟ್ಟರು.

2023ರಲ್ಲಿ ಏನಾಯಿತು ನೆನಪಿರಲಿ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಕಟ್ಟಿದ್ದರೂ ನಮ್ಮ ಮಾರುಕಟ್ಟೆಯಲ್ಲಿ ದರ ಹತ್ತು ಸಾವಿರಕ್ಕಿಂತ ಕೆಳಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. 2023ರಲ್ಲಿ ನಿಮ್ಮ ಮನೆಗೋಸ್ಕರ ಐದು ಕ್ವಿಂಟಲ್ ಮಾರಿದ ಮಾವನಿಗೆ, 2025ರಲ್ಲಿ ‘ತಗೊಳಿ ಮಾವ, ನೀವು ಕೊಟ್ಟಿದ್ದು ಅಷ್ಟೇ’ ಅಂತ ಅಷ್ಟೇ ರೂಪಾಯಿ ಎಣಿಸಿ ಕೊಟ್ಟರೆ ಅವರು ಏನೂ ಅನ್ನುವುದಿಲ್ಲ. ದುಡ್ಡು ತೆಗೆದುಕೊಂಡು ಒಳಗಿಡುತ್ತಾರೆ. ಆದರೆ ಅರ್ಧಕ್ಕರ್ಧ ಅವರೇ ಹೊತ್ತ ಹಾಗಾಯಿತು. ನನ್ನ ಮಾತು ಕೇಳುವುದಾದರೆ, ಕೊಬ್ಬರಿ ಮಾರಿ ಕೊಟ್ಟ ದುಡ್ಡನ್ನು ಕೊಬ್ಬರಿ ಲೆಕ್ಕದಲ್ಲೇ ತೀರಿಸಿ. ಐದು ಕ್ವಿಂಟಲ್ ಮಾರಿದ್ದರೆ ಐದು ಕ್ವಿಂಟಲ್ಲಿನ ಇವತ್ತಿನ ದರ, ಇಲ್ಲದಿದ್ದರೆ ನಿಮ್ಮ ತೋಟದ ಕಾಯಿಯೇ ಅವರ ಅಟ್ಟಕ್ಕೆ. ದರ ಇಳಿದಿದ್ದರೆ ಮಾತ್ರ ಅವರು ಕೊಟ್ಟ ರೂಪಾಯಿಗೆ ಒಂದು ಪೈಸೆ ಕಡಿಮೆ ಮಾಡಬೇಡಿ. ಏರಿದಾಗ ಲಾಭ ಅವರದು, ಇಳಿದಾಗ ನಷ್ಟ ನಿಮ್ಮದು. ಒಂದೇ ಸಲ ಆಗದಿದ್ದರೆ ಎರಡು ವರ್ಷದಲ್ಲಿ ಕೊಡಿ, ಆದರೆ ಹೀಗೆ ಕೊಡುತ್ತೇನೆ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿ.

• ಇದರ ಜೊತೆಗೇ ಇನ್ನೊಂದು. ತಾರಸಿ ಮನೆ ಕಟ್ಟುವ ಗಡಿಬಿಡಿಯಲ್ಲಿ ಬಹಳ ಜನ ಅಟ್ಟವನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ತಮ್ಮ ಕಾಯಿಯನ್ನು ಅಣ್ಣನ ಹಳೇ ಮನೆಯ ಅಟ್ಟದಲ್ಲಿ ಹಾಕಿಸುತ್ತಾರೆ. ಹಾಗೆ ಹಾಕಿದ್ದರೆ, ಇಲಿ ಕಾಯುವುದು, ಮಳೆಗೆ ಹೆಂಚು ಸರಿಮಾಡುವುದು ಎಲ್ಲ ಅಣ್ಣನ ಮನೆಯವರ ತಲೆಮೇಲೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವ ಖರ್ಚನ್ನು ನೀವು ಕೊಡಿ.

• ಪಾಲಾಗಿ ಬೇರೆ ಬಂದು ಮನೆ ಕಟ್ಟಿದವರಿಗೆ ಇದು. ತೋಟ ಪಾಲು ಮಾಡುವಾಗ ಫಲ ಬರುವ ಮರ ಯಾರಿಗೆ, ಎಳೇ ಮರ ಯಾರಿಗೆ, ಬೋರ್‌ವೆಲ್ ಇರುವ ಕಡೆ ಯಾರಿಗೆ ಅಂತ ಮಾತು ಬಂದಿರುತ್ತದೆ, ಪಂಚಾಯ್ತಿಯಲ್ಲಿ ಎದುರುಬದುರು ಕೂತಿರುತ್ತೀರಿ. ಅಷ್ಟಾದ ಮೇಲೂ ಪಾಯದ ಪೂಜೆಯ ದಿನ ಅಣ್ಣ ಗುದ್ದಲಿ ಹಿಡಿದು ಬಂದ, ಚಪ್ಪರಕ್ಕೆ ತನ್ನ ಪಾಲಿನ ಮರದಿಂದಲೇ ಗರಿ ಇಳಿಸಿಕೊಟ್ಟ. ಇದನ್ನು ಪಾಲಿನ ಲೆಕ್ಕಕ್ಕೆ ಸೇರಿಸಬೇಡಿ. ‘ಅವನಿಗೆ ನಾಲ್ಕು ಮರ ಜಾಸ್ತಿ ಹೋಗಿತ್ತು, ಅದಕ್ಕೆ ಮಾಡಿದ’ ಅನ್ನುವ ಮಾತು ಮನೆಯೊಳಗೆ ಯಾರ ಬಾಯಿಂದ ಬಂದರೂ ಅಲ್ಲೇ ತಡೆಯಿರಿ, ಮುಖ್ಯವಾಗಿ ಮಕ್ಕಳ ಮುಂದೆ. ಮಕ್ಕಳಿಗೆ ನೆನಪಿರಬೇಕಾದದ್ದು ದೊಡ್ಡಪ್ಪ ಗುದ್ದಲಿ ಹಿಡಿದು ಬಂದದ್ದು. ಹೊಸಮನೆಯ ಮೊದಲ ಯುಗಾದಿಗೆ ಬೇವುಬೆಲ್ಲ ಹಿಡಿದು ಮೊದಲು ಹೋಗಬೇಕಾದದ್ದು ಆ ಮನೆಗೆ.

• ಅಡುಗೆಮನೆ ಜೋಡಿಸಿಕೊಟ್ಟವರ ಕೆಲಸವನ್ನು ಅವರು ಬಸ್ಸು ಹತ್ತುವ ಮೊದಲೇ ಅದಲುಬದಲು ಮಾಡಬೇಡಿ. ನಾದಿನಿ ಸ್ಟೂಲು ಹತ್ತಿ ಕಾಗದ ಹಾಸಿ ಡಬ್ಬಿ ಇಟ್ಟಿರುತ್ತಾಳೆ. ಹುಚ್ಚೆಳ್ಳು, ಹುರುಳಿ, ಅವರೆಬೇಳೆ ಕೈಗೆ ಸಿಗುವ ಎತ್ತರದಲ್ಲಿ, ಹಬ್ಬಕ್ಕೆ ಬೇಕಾಗುವ ರವೆ, ಸಕ್ಕರೆ ಮೇಲೆ, ರಾಗಿ ಹಿಟ್ಟಿನ ಡ್ರಮ್ಮು ಒಲೆಯಿಂದ ಎರಡು ಹೆಜ್ಜೆಗೆ. ಈಳಿಗೆಮಣೆಯನ್ನು ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ಇಟ್ಟಿರುತ್ತಾಳೆ, ಯಾಕೆಂದರೆ ದಿನಾ ಕಾಯಿ ತುರಿಯುವ ಮನೆಯಲ್ಲಿ ಬೆರಳು ಕುಯ್ದುಕೊಳ್ಳುವುದು ಕತ್ತಲಲ್ಲೇ. ಇಪ್ಪತ್ತು ವರ್ಷ ಸಂಸಾರ ಮಾಡಿದ ಕೈ ಜೋಡಿಸಿದ ಜೋಡಣೆ ಅದು. ಒಂದು ತಿಂಗಳು ಹಾಗೇ ಬಳಸಿ ನೋಡಿ. ಆಮೇಲೆ ಬೇಕಾದ್ದು ಬದಲಿಸಿ. ಬದಲಿಸದೇ ಉಳಿದದ್ದು ಯಾವುದು ಅಂತ ಅವಳಿಗೆ ಫೋನ್ ಮಾಡಿ ಹೇಳಿ. ‘ಈಳಿಗೆಮಣೆ ನೀನಿಟ್ಟ ಕಡೆಯೇ ಇದೆ ಕಣಮ್ಮ’ ಅನ್ನುವ ಒಂದು ಮಾತು ಅವಳಿಗೆ ಸೀರೆಗಿಂತ ಹೆಚ್ಚು.

• ನೆಂಟರ ಕೈಗೆ ಕೂಲಿ ಕೊಡಬೇಡಿ. ಕೂಲಿಯವರಿಗೆ ನೆಂಟಸ್ತಿಕೆ ಹೇಳಬೇಡಿ. ಮರ ಹತ್ತಿ ಗರಿ ಎಳನೀರು ಇಳಿಸಿದವರು, ಸಾಮಾನು ಹೊತ್ತವರು, ಊಟ ಆದಮೇಲೆ ಪಾತ್ರೆ ತೊಳೆದ ಹೆಂಗಸರು ‘ನಮ್ಮ ಮನೆಯವರಿದ್ದ ಹಾಗೆ’ ಅಂತ ಹೇಳಿ ಅವರ ಕೂಲಿಯನ್ನು ಒಂದು ಹೊತ್ತಿನ ಊಟಕ್ಕೆ ವಜಾ ಹಾಕುವವರು ಇದ್ದಾರೆ. ಅದು ತಪ್ಪು. ಅವರಿಗೆ ಅವತ್ತಿನ ಕೂಲಿ ಪೂರ್ತಿ ಅವತ್ತೇ ಕೊಡಿ. ಊಟ, ತಾಂಬೂಲ ಅದರ ಮೇಲೆ.

• ನೆಂಟರಿಗೆ ತೀರಿಸುವುದು ಮೈಕೆಲಸದಲ್ಲಿ. ಅವರ ಮನೆಯಲ್ಲಿ ಮದುವೆ, ನಾಮಕರಣ, ತಿಥಿ, ಏನೇ ಇರಲಿ, ಊಟದ ಹೊತ್ತಿಗೆ ಕಾರಿನಲ್ಲಿ ಬಂದು ಕವರು ಕೊಟ್ಟು ಹೊರಡಬೇಡಿ. ಹಿಂದಿನ ದಿನವೇ ಹೋಗಿ ಚಪ್ಪರಕ್ಕೆ ಕೈ ಹಾಕಿ, ತರಕಾರಿ ಹೆಚ್ಚಲು ಕೂರಿ, ಬಡಿಸುವ ಸಾಲಿಗೆ ನಿಲ್ಲಿ. ತಿಥಿಯ ಮನೆಗಂತೂ ಕರೆಯದಿದ್ದರೂ ಹೋಗಿ. ಅಂಥ ಮನೆಯಲ್ಲಿ ಒಲೆ ಹಚ್ಚಲೂ ಕೈ ಸಾಲದಿರುತ್ತದೆ.

• ಜಾಗ ಇದ್ದರೆ ಬಂದವರ ಕೈಯಿಂದ ತೆಂಗಿನ ಸಸಿ ನೆಡಿಸಿ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ. ಕೆಳಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ. ಒಂಬತ್ತು ತಿಂಗಳಿಂದ ಒಂದು ವರ್ಷದ, ಬುಡ ದಪ್ಪಗಿರುವ ಸಸಿ ಆರಿಸಿ. ಮರದಿಂದ ಮರಕ್ಕೆ ಇಪ್ಪತ್ತೇಳು ಮೂವತ್ತು ಅಡಿ ಬಿಡಿ. ಗೋಡೆಯ ಪಕ್ಕ, ಕರೆಂಟ್ ತಂತಿಯ ಕೆಳಗೆ ಬೇಡ. ಪಟ್ಟಣದಲ್ಲಿ ಮೂವತ್ತು ನಲವತ್ತರ ಸೈಟಾದರೆ ಸಸಿಯ ಆಸೆ ಬಿಡಿ, ಕಾಯಿ ಬಿದ್ದು ಪಕ್ಕದ ಮನೆಯವರ ತಾರಸಿಗೋ ತಲೆಗೋ ಪೆಟ್ಟು. ನಮ್ಮ ತಿಪಟೂರು ತಳಿ ಫಲಕ್ಕೆ ಬರಲು ಆರೇಳು ವರ್ಷ ಹಿಡಿಯುತ್ತದೆ. ಮೊದಲ ಕಾಯಿ ಮನೆದೇವರಿಗೆ, ಅದರ ಮುಂದಿನ ಗೊನೆ ನೆಟ್ಟವರಿಗೆ. ಅಷ್ಟರಲ್ಲಿ ನೆಟ್ಟವರು ಇಲ್ಲದೇ ಹೋಗಿದ್ದರೆ ಅವರ ಮಕ್ಕಳಿಗೆ ತಲುಪಿಸಿ. ಯಾರು ಯಾವ ಮರ ನೆಟ್ಟರು ಅಂತ ಆ ಹಿಂಬದಿ ಹಾಳೆಯಲ್ಲೇ ಬರೆದಿರಲಿ.

• ದುಡಿದ ಅಕ್ಕತಂಗಿಯರಿಗೆ ಆ ವರ್ಷದ ಗೌರಿ ಹಬ್ಬದ ಬಾಗಿನವನ್ನು ಅಂಚೆಗೋ ಬಸ್ಸಿನ ಡ್ರೈವರಿಗೋ ಕೊಟ್ಟು ಕಳಿಸಬೇಡಿ. ನೀವೇ ತೆಗೆದುಕೊಂಡು ಹೋಗಿ.

• ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆ. ತುಮಕೂರು ರಸ್ತೆಯಲ್ಲಿ ನಾಗಸಂದ್ರ, ದಾಸರಹಳ್ಳಿ ಅಂತ ಬಾಡಿಗೆ ಮನೆಗೆ ಹೋದಾಗಲೂ ಊರಿಂದ ರಾಗಿ ಮೂಟೆ, ಕಾಯಿ ಚೀಲ, ತುಪ್ಪದ ಡಬ್ಬಿ ಹೊತ್ತು ತಮ್ಮನೋ ಚಿಕ್ಕಪ್ಪನೋ ರೈಲಿನಲ್ಲಿ ಬಂದಿರುತ್ತಾರೆ. ಗ್ಯಾಸ್ ಜೋಡಿಸಿ, ಮಂಚ ಬಿಗಿದು, ರಾತ್ರಿ ಗಾಡಿಗೆ ವಾಪಸ್ ಹೊರಟಿರುತ್ತಾರೆ, ತೋಟಕ್ಕೆ ನೀರು ಬಿಡುವುದಿರುತ್ತದಲ್ಲ. ಅವರ ಋಣ ತೀರಿಸುವ ಸಮಯ ಬರುವುದು ಅವರು ಆಸ್ಪತ್ರೆಗೋ ಮಗನ ಕಾಲೇಜು ಸೀಟಿಗೋ ಬೆಂಗಳೂರಿಗೆ ಬಂದಾಗ. ಆಗ ಲಾಡ್ಜಿನ ವಿಳಾಸ ಕೊಡಬೇಡಿ. ಒಂದೇ ಕೋಣೆ ಇದ್ದರೂ ಅಲ್ಲೇ ಹಾಸಿಗೆ ಹಾಸಿ. ಬಸ್ಸಿನಲ್ಲಿ ಬರುವವರಿಗೆ, ಈಗ ಮೆಟ್ರೊ 2024ರಿಂದ ಮಾದಾವರದ ತನಕ ಬಂದಿದೆ, ಅಲ್ಲೇ ಇಳಿದರೆ ಸಾಕು ಅಂತ ಹೇಳಿ, ಹೋಗಿ ಕಾದು ಕರೆದುಕೊಂಡು ಬನ್ನಿ. ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲಲು ಒಂದು ದಿನ ರಜೆ ಹಾಕಿ. ಊರಿನವರಿಗೆ ಅಲ್ಲಿ ಹೆದರಿಕೆ ಆಗುವುದು ಕಾಯಿಲೆಗಿಂತ ಹೆಚ್ಚಾಗಿ ಕೌಂಟರುಗಳಿಗೆ.

• ಎರವಲು ತಂದ ಪಾತ್ರೆ. ಕೊಳಗ, ಕಡಾಯಿ, ಬಡಿಸುವ ಬಕೆಟ್ಟು, ಜಮಖಾನ, ಎರಡು ಮನೆ ಸೌಟು, ಎಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ಕೊಳಗದ ಕಂಠದ ಮೇಲೆ ಕೊರೆಸಿರುವ ಹೆಸರು ನೋಡಿ ಬೇರೆ ಮಾಡಿ. ಹುಣಸೆಹಣ್ಣು ಹಾಕಿ ಬೆಳಗಿ, ಒಣಗಿಸಿ, ಖಾಲಿ ಪಾತ್ರೆ ಕಳಿಸದೆ ಒಳಗೆ ಒಂದು ಸೇರು ಅಕ್ಕಿ, ಒಂದು ಅಚ್ಚು ಬೆಲ್ಲ, ಒಂದು ಕಾಯಿ ಇಟ್ಟು ಕೊಟ್ಟು ಬನ್ನಿ. ಕಳೆದುಹೋಗಿದ್ದರೆ ಅದೇ ತೂಕದ್ದು ಹೊಸದು ತಂದು, ಅವರ ಹೆಸರನ್ನೇ ಕೊರೆಸಿ ಕೊಡಿ. ಒಕ್ಕಲಾದ ಎಂಟು ದಿನದೊಳಗೆ ಮುಗಿಸಿ, ಮುಂದಿನ ಲಗ್ನಕ್ಕೆ ಅವರಿಗೂ ಬೇಕಾಗುತ್ತದೆ.