ಹಳೆಯ ಫಿಲ್ಟರ್ ಎಸೆಯುವ ಮುನ್ನ

ವಾಹನ ಪ್ರಶ್ನೋತ್ತರ

● ನಮ್ಮೂರು ಗದಗ ಹತ್ರ. ಹದಿನಾಲ್ಕು ವರ್ಷದಿಂದ ಗೋವಾದ ಕೊರ್ಲಿಮ್‌ದಾಗ ಅದೀನಿ, ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿಗೆ ಸಾಮಾನು ಹೊಡಿತೀನಿ. ಹಳೇ ಬೊಲೆರೊ ಪಿಕಪ್ ಐತಿ, ಡೀಸೆಲ್. ಪಣಜಿ–ಫೋಂಡಾ ಸಪಾಟ ರಸ್ತೇದಾಗ ಏನೂ ತ್ರಾಸಿಲ್ಲ. ಊರಿಗೆ ಹೊಂಟಾಗ ಮೊಲ್ಲೆಮ್ ದಾಟಿ ಅನಮೋಡ ಘಾಟ ಹತ್ತಿದ ಕೂಡ್ಲೆ ಗಾಡಿ ಜಗ್ಗಂಗಿಲ್ಲ. ಡೀಸೆಲ್ ಫಿಲ್ಟರ್ ಬದಲಿ ಮಾಡು ಅಂತಾರ. ಮನಿ ಮುಂದ ನಾನೇ ಮಾಡಬಹುದೇನ್ರಿ?
— ಓದುಗರು, ಕೊರ್ಲಿಮ್

ಮಾಡಬಹುದು, ಧೈರ್ಯವಾಗಿ ಮಾಡಿ. ಸಪಾಟಾದ ರಸ್ತೆಯಲ್ಲಿ ಇಂಜಿನ್ನಿಗೆ ಸ್ವಲ್ಪ ಡೀಸೆಲ್ ಸಾಕು. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಬಿಡುತ್ತದೆ. ಘಾಟಿಯಲ್ಲಿ ಲೋಡ್ ಹೊತ್ತು ಏರುವಾಗ ಬೇಡಿಕೆ ಹೆಚ್ಚುತ್ತದೆ, ಆಗ ಅದರ ಬಣ್ಣ ಬಯಲಾಗುತ್ತದೆ. ಆದರೂ ಕಳಚುವ ಮೊದಲು ಏರ್ ಫಿಲ್ಟರನ್ನು ಒಮ್ಮೆ ತೆಗೆದು ನೋಡಿ, ಟರ್ಬೊ ಇದ್ದರೆ ಅದರ ರಬ್ಬರ್ ಪೈಪ್ ಸೀಳಿದೆಯೇ ಎಂದು ಕೈಯಾಡಿಸಿ. ಅವೆರಡರಿಂದಲೂ ಇದೇ ಲಕ್ಷಣ ಬರುತ್ತದೆ.

ಹೊಸ ಫಿಲ್ಟರನ್ನು ನಿಮ್ಮ ಗಾಡಿಯ ಮಾಡೆಲ್, ವರ್ಷ ಹೇಳಿ ಒರಿಜಿನಲ್ ಕೊಳ್ಳಿ. ಇಲ್ಲಿ ನೂರಿನ್ನೂರು ಉಳಿಸಲು ಹೋಗಬೇಡಿ. ಇದು ಸೋಸಬೇಕಾದದ್ದು ಕೆಲವೇ ಮೈಕ್ರಾನಿನ ಕಣಗಳನ್ನು, ನಮ್ಮ ತಲೆಗೂದಲಿನ ದಪ್ಪ ಅದರ ಹತ್ತು ಪಟ್ಟಿಗೂ ಹೆಚ್ಚು. ಕಣ್ಣಿಗೆ ಕಾಣದ ಆ ಕಣವೇ ನಾಝಲ್ ತಿಂದುಹಾಕುವುದು.

ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಫಿಲ್ಟರಿನ ಸುತ್ತಲಿನ ಕೆಂಪುಮಣ್ಣನ್ನು ಮೊದಲು ಬ್ರಷ್ಷಿನಿಂದ, ಬಟ್ಟೆಯಿಂದ ಒರೆಸಿ. ಇದನ್ನು ಬಿಡುವವರೇ ಹೆಚ್ಚು. ಕಳಚುವಾಗ ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೆ ಹೊಸ ಫಿಲ್ಟರ್ ಹಾಕಿಯೂ ಪ್ರಯೋಜನವಿಲ್ಲ. ಕೆಳಗೆ ಅಗಲವಾದ ಡಬ್ಬಿ ಇಟ್ಟು, ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಡೀಸೆಲ್ ಇಳಿಸಿ. ನೀರಿನ ಸೆನ್ಸರ್ ಇದ್ದರೆ ಅದರ ವೈರನ್ನು ಎಳೆಯದೆ, ಕ್ಲಿಪ್ ಒತ್ತಿ ಬಿಡಿಸಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಇಳಿಸಿದ ಡೀಸೆಲನ್ನೂ ಹಳೆಯ ಫಿಲ್ಟರಿನೊಳಗೆ ಉಳಿದದ್ದನ್ನೂ ಒಂದು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಡೀಸೆಲ್ ನೀರಿಗಿಂತ ಹಗುರ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತುಕ್ಕಿನ ಪುಡಿ ಇದ್ದರೆ ಅದೂ ಕಾಣುತ್ತದೆ. ಲೋಳೆಯಂಥ ಕಪ್ಪು ಪದಾರ್ಥ ಕಂಡರೆ, ಟ್ಯಾಂಕಿನಲ್ಲಿ ನೀರು ನಿಂತು, ಆ ನೀರು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದು ಅರ್ಥ. ಮುಂದೇನು ಮಾಡಬೇಕೆಂಬುದನ್ನು ಈ ಬಾಟಲಿಯೇ ಹೇಳಬೇಕು. ತಳದಲ್ಲಿ ಹೆಚ್ಚು ನೀರೋ ಲೋಳೆಯೋ ಕಂಡರೆ ಟ್ಯಾಂಕ್ ಇಳಿಸಿ ತೊಳೆಸಲೇಬೇಕು, ಇಲ್ಲವಾದರೆ ಹೊಸ ಫಿಲ್ಟರ್ ಕೂಡ ಬೇಗನೆ ಕಟ್ಟಿಕೊಳ್ಳುತ್ತದೆ. ಬಾಟಲಿ ನೋಡದೆ ಫಿಲ್ಟರ್ ಎಸೆದವರು ಮತ್ತೆ ಮತ್ತೆ ಫಿಲ್ಟರ್ ಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಕಡೆ ಇದನ್ನು ಇನ್ನಷ್ಟು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ಕುಂಬಾರಜುವಾ ಕಾಲುವೆ. ಗಾಳಿಯಲ್ಲಿ ಸದಾ ತೇವ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದಾಗ ಆ ತೇವವೇ ಹನಿಯಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿಸಿಡಿ, ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ ಬದಲಿಸಿ. ಬಂಕಿನ ಮೇಲೆ ಅನುಮಾನವಿದ್ದರೆ ಜಗಳ ಬೇಡ. ಅಳತೆಗೋಲಿಗೆ ಹಚ್ಚುವ ಪೇಸ್ಟ್ ಅವರಲ್ಲಿರುತ್ತದೆ, ನೆಲದಡಿಯ ತೊಟ್ಟಿಯಲ್ಲಿ ನೀರಿದ್ದರೆ ಅದರ ಬಣ್ಣ ಬದಲಾಗುತ್ತದೆ. ಪರೀಕ್ಷಿಸಿ ತೋರಿಸಿ ಎಂದು ಕೇಳಿ.

ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಶುದ್ಧ ಡೀಸೆಲ್ ಸವರಿ. ಹಳೆಯ ರಿಂಗ್ ಮೇಲೆಯೇ ಅಂಟಿಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕ್ಯಾನಿನಂತೆ ತಿರುಗಿಸಿ ಕೂಡಿಸುವ ಫಿಲ್ಟರಾದರೆ ರಿಂಗ್ ತಾಗಿದ ಮೇಲೆ ಕೈಯಿಂದಲೇ ಬಿಗಿ ಮಾಡಿ, ಪಾನಾ ಹಾಕಿ ಅಮುಕಬೇಡಿ. ನಡುವಿನ ದೊಡ್ಡ ರಂಧ್ರದಿಂದ ಡೀಸೆಲ್ ಸುರಿದು ತುಂಬಿಸುವ ರೂಢಿ ಕೆಲವರಿಗಿದೆ. ಅದು ಸೋಸಿದ ಡೀಸೆಲ್ ಹೊರಬರುವ ದಾರಿ; ಅಲ್ಲಿ ಸುರಿದದ್ದು ಸೋಸದೆಯೇ ಪಂಪಿಗೆ ಹೋಗುತ್ತದೆ. ಬದಲಿಗೆ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಬಿಡುವು ಕೊಡಿ.

ನಿಮ್ಮದು ಕಾಮನ್ ರೈಲ್ ಇಂಜಿನ್ನೋ ಹಳೆಯ ಪಂಪಿನದೋ ಎಂದು ಬರೆದಿಲ್ಲ. ಹಳೆಯ ಇಂಜಿನ್ನುಗಳಲ್ಲಿ ಏರ್ ಹಿಡಿದರೆ ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದರು. ಕಾಮನ್ ರೈಲಿನಲ್ಲಿ ಹಾಗೆ ಖಂಡಿತ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ, ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬಾಟಲಿಯಲ್ಲಿ ಏನು ಕಂಡಿತೆಂದು ದಯವಿಟ್ಟು ಬರೆದು ತಿಳಿಸಿ.

● ತಂದೆಯವರ ಕಾರ್ಬ್ಯುರೇಟರ್ ಮಾರುತಿ 800 ಇನ್ನೂ ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಫಿಲ್ಟರ್ ಬದಲಿಸುವಾಗ ಏನು ಎಚ್ಚರಿಕೆ ಬೇಕು?
— ಓದುಗರು, ಧಾರವಾಡ

ಕೆಲಸ ಹತ್ತು ನಿಮಿಷದ್ದು: ಸಣ್ಣ ಫಿಲ್ಟರ್, ಎರಡು ರಬ್ಬರ್ ಪೈಪ್, ಎರಡು ಕ್ಲಿಪ್. ಮೈಮೇಲಿನ ಬಾಣದ ಗುರುತು ಕಾರ್ಬ್ಯುರೇಟರ್ ಕಡೆಗಿರಬೇಕು. ಅಪಾಯವಿರುವುದು ಪೆಟ್ರೋಲಿನಲ್ಲಿ. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ಶೆಡ್ಡಿನೊಳಗೆ ಬೇಡ, ಬಯಲಲ್ಲೇ ಮಾಡಿ, ದೇವರ ದೀಪ ಉರಿಯುವ ಬಾಗಿಲ ಹತ್ತಿರವೂ ಬೇಡ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಜೀವಕ್ಕೆ ಕುತ್ತು.

ಹಾಗೆಯೇ ರಬ್ಬರ್ ಪೈಪುಗಳನ್ನೂ ಬದಲಿಸಿಬಿಡಿ. ಈಗ ಸಿಗುವ ಇಪ್ಪತ್ತು ಪ್ರತಿಶತ ಎಥೆನಾಲಿನ ಪೆಟ್ರೋಲ್ ಆ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ಎಥೆನಾಲ್ ಹಳೆಯ ಟ್ಯಾಂಕಿನ ಜಿಡ್ಡನ್ನೂ ಬಿಡಿಸುತ್ತದೆ, ನೀರನ್ನೂ ಹೀರುತ್ತದೆ. ಆದ್ದರಿಂದ ಮೊದಲ ಹೊಸ ಫಿಲ್ಟರ್ ಬೇಗ ಕಪ್ಪಾದರೆ ಗಾಬರಿ ಬೇಡ, ಇನ್ನೊಂದು ಹಾಕಿ.

● ನನ್ನ ವ್ಯಾಗನ್‌ಆರ್ ಪೆಟ್ರೋಲ್. ಬಾನೆಟ್ ಎತ್ತಿ ಎಲ್ಲ ಹುಡುಕಿದೆ, ಫಿಲ್ಟರ್ ಎಲ್ಲೂ ಕಾಣಲಿಲ್ಲ!
— ಓದುಗರು, ವಾಸ್ಕೊ

ಅದು ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇದೆ, ಅಮ್ಮ. ಅದಕ್ಕೆ ಟ್ಯಾಂಕಿನ ಬಾಯಿ ತೆರೆಯಬೇಕು, ಪೈಪಿನಲ್ಲಿ ಒತ್ತಡವೂ ಇರುತ್ತದೆ. ಮನೆಯಲ್ಲಿ ಮಾಡುವ ಕೆಲಸವಲ್ಲ, ಗ್ಯಾರೇಜಿಗೆ ಬಿಡಿ. ನಿಮ್ಮ ಕೈಯಲ್ಲಿರುವುದು ಒಂದೇ: ಸದಾ ರಿಸರ್ವಿನಲ್ಲಿ ಓಡಿಸಬೇಡಿ. ಆ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ.

● ಫಿಲ್ಟರಿನಿಂದ ತೆಗೆದ ಡೀಸೆಲನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಟ್ಯಾಂಕಿಗೆ ಹಾಕಬಹುದೇ? ಚೆಲ್ಲಲು ಮನಸ್ಸಾಗುವುದಿಲ್ಲ.
— ಓದುಗರು, ಹಳೆ ಗೋವಾ

ಹಾಕಬೇಡಿ. ಬಟ್ಟೆ ನೀರನ್ನು ತಡೆಯುವುದಿಲ್ಲ, ಮೈಕ್ರಾನ್ ಕಣವನ್ನಂತೂ ತಡೆಯುವುದೇ ಇಲ್ಲ. ಚರಂಡಿಗೂ ಸುರಿಯಬೇಡಿ, ನಿಮ್ಮ ಸುತ್ತಿನ ನೀರು ಕೊನೆಗೆ ಸೇರುವುದು ಮಾಂಡವಿಗೆ, ಇಲ್ಲವೇ ಕುಂಬಾರಜುವಾ ಕಾಲುವೆಗೆ, ಅಲ್ಲಿನ ಕಾಂಡ್ಲಾ ಕಾಡಿನ ಬೇರಿಗೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಡಿ. ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಹೋದಾಗ, ಒಳಗಿರುವುದು ಡೀಸೆಲ್ ಎಂದು ಹೇಳಿ ಫಿಲ್ಟರಿನ ಸಮೇತ ಕೊಟ್ಟುಬನ್ನಿ.